ಫ್ಲ್ಯಾಟಿನ ಪಾರ್ಕಿಂಗ್‌ನಲ್ಲಿ ಇವಿ ಚಾರ್ಜಿಂಗ್ ಪಾಯಿಂಟ್: ಅಸೋಸಿಯೇಷನ್ ಬೇಡ ಅಂದರೆ ನಮಗೆ ಎಂತ ಹಕ್ಕು ಉಂಟು?

ಬಿಜೈ ನಿವಾಸಿ

ಎಲ್ಲರಿಗೂ ನಮಸ್ಕಾರ. ಬಿಜೈಯಲ್ಲಿ ನಲವತ್ತು ಮನೆಗಳ ಅಪಾರ್ಟ್‌ಮೆಂಟ್ ನಮ್ಮದು, ಸ್ವಲ್ಪ ಹಳೆಯ ಕಟ್ಟಡ. ಟಿಯಾಗೊ ಇವಿ (ಎಲೆಕ್ಟ್ರಿಕ್ ಕಾರು) ಬುಕ್ ಮಾಡಿದ್ದೇನೆ. ಕೆಲಸ ಮುಲ್ಕಿಯಲ್ಲಿ, ಹೋಗಿ ಬರುವುದು ಸೇರಿ ದಿನಕ್ಕೆ ಅರುವತ್ತು ಕಿಲೋಮೀಟರ್ ಆಗುತ್ತದೆ. ರಾತ್ರಿ ಮನೆಯಲ್ಲೇ ಚಾರ್ಜ್ ಆಗದಿದ್ದರೆ ಈ ಗಾಡಿ ತೆಗೆದುಕೊಂಡು ಪ್ರಯೋಜನ ಇಲ್ಲ.

ಪಾರ್ಕಿಂಗ್‌ನಲ್ಲಿ 15 ಆಂಪಿಯರಿನ ಒಂದು ಪಾಯಿಂಟ್ ಹಾಕಿಸಿಕೊಳ್ಳುತ್ತೇನೆ, ನನ್ನ ಮೀಟರಿನಿಂದಲೇ ಲೈನ್, ಖರ್ಚೂ ನನ್ನದೇ ಎಂದು ಕಮಿಟಿಯವರ ಹತ್ತಿರ ಕೇಳಿದೆ. ಬಾಯಿಮಾತಿನಲ್ಲೇ ಆಗುವುದಿಲ್ಲ ಅಂದರು. ಬೆಂಕಿ ಹತ್ತಿಕೊಳ್ಳಬಹುದು, ಬಿಲ್ಡಿಂಗಿನ ಲೋಡ್ ತಡೆಯುವುದಿಲ್ಲ, ಇವತ್ತು ನಿಮಗೆ ಕೊಟ್ಟರೆ ನಾಳೆ ಎಲ್ಲರಿಗೂ ಕೊಡಬೇಕಾಗುತ್ತದೆ ಎಂಬುದು ಅವರ ಮಾತು. ನಮ್ಮಲ್ಲಿ ಎಲ್ಲ ಮನೆಗಳ ಮೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಮೀಟರ್‌ಗಳು ಸ್ಟಿಲ್ಟ್‌ನ, ಅಂದರೆ ಕಂಬಗಳ ನಡುವಿನ ತೆರೆದ ಪಾರ್ಕಿಂಗ್ ಅಂತಸ್ತಿನ, ಒಂದು ಕೋಣೆಯಲ್ಲಿವೆ. ಅಲ್ಲಿಂದ ನನ್ನ ಪಾರ್ಕಿಂಗ್ ಜಾಗಕ್ಕೆ ಮೂವತ್ತು ಮೀಟರ್ ಇರಬಹುದು. ಆ ಜಾಗ ನನ್ನ ಸೇಲ್ ಡೀಡ್‌ನಲ್ಲೇ ಉಂಟು.

ಜಗಳ ಮಾಡಲು ಮನಸ್ಸಿಲ್ಲ. ದಿನಾ ಲಿಫ್ಟಿನಲ್ಲಿ ಮುಖ ನೋಡುವ ಜನ. ಆದರೆ ಕಾನೂನಿನಲ್ಲಿ ನಾನು ಎಲ್ಲಿ ನಿಂತಿದ್ದೇನೆ ಎಂಬುದು ಗೊತ್ತಾಗಬೇಕು. ತಿಳಿದವರು ದಯವಿಟ್ಟು ಹೇಳಿ.

ವಕೀಲಿ ವೃತ್ತಿ, ಬಲ್ಮಠ

ಹಕ್ಕು ಉಂಟು. ಆದರೆ ಎಲ್ಲ ಒಂದೇ ಕಾನೂನಿನಲ್ಲಿ ಇಲ್ಲ. ಕರೆಂಟಿನ ವಿಷಯ ಒಂದು ಕಡೆ, ಗೋಡೆಯ ವಿಷಯ ಇನ್ನೊಂದು ಕಡೆ. ಎರಡನ್ನೂ ಬೆರೆಸಿ ಮಾತಾಡುವುದರಿಂದಲೇ ಮೀಟಿಂಗ್‌ಗಳಲ್ಲಿ ಗಲಾಟೆ ಆಗುವುದು.

ಮೊದಲು ಕರೆಂಟು. ಇವಿ ಚಾರ್ಜ್ ಮಾಡುವುದು ವಿದ್ಯುತ್ ಮಾರಾಟ ಅಲ್ಲ, ಅದಕ್ಕೆ ಲೈಸೆನ್ಸ್ ಬೇಡ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಚಾರ್ಜಿಂಗ್ ವ್ಯವಸ್ಥೆಯ ಮಾರ್ಗಸೂಚಿ ಬಂತು. 2019, 2022ರಲ್ಲಿ ಪರಿಷ್ಕರಣೆ ಆಗಿ, 2024ರ ಸೆಪ್ಟೆಂಬರ್‌ನಲ್ಲಿ ಹೊಸದೇ ಬಂತು. ಗಾಡಿಯ ಮಾಲೀಕ ತನ್ನ ಮನೆಯಲ್ಲಿ ಈಗಿರುವ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಬಹುದು ಎಂಬುದು ಆ ಮಾರ್ಗಸೂಚಿಯ ನಿಲುವು.

ಅದಕ್ಕಿಂತ ಗಟ್ಟಿಯಾದದ್ದು 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು. ಇವಕ್ಕೆ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ಆಯಿತು. ಗ್ರಾಹಕ ಕೇಳಿದರೆ ಇವಿ ಚಾರ್ಜಿಂಗಿಗೆ ಪ್ರತ್ಯೇಕ ಸಂಪರ್ಕ ಕೊಡಬೇಕು ಎಂದು ಅದರಲ್ಲಿ ಸೇರಿಸಿದ್ದಾರೆ. ಹೊಸ ಸಂಪರ್ಕದ ಗಡುವನ್ನೂ ಇಳಿಸಿದ್ದಾರೆ: ಮಹಾನಗರಗಳಲ್ಲಿ 7 ದಿನ ಇದ್ದದ್ದು 3 ದಿನ, ಉಳಿದ ನಗರಾಡಳಿತ ಪ್ರದೇಶಗಳಲ್ಲಿ 15 ಇದ್ದದ್ದು 7, ಗ್ರಾಮೀಣ ಭಾಗದಲ್ಲಿ 30 ಇದ್ದದ್ದು 15. ಅಂದರೆ ಮೆಸ್ಕಾಂ ಮುಂದೆ ನಿಮ್ಮ ಕೈ ಬಲವಾಗಿದೆ.

ಈಗ ಗೋಡೆ. ಕರ್ನಾಟಕದಲ್ಲಿ ಅಪಾರ್ಟ್‌ಮೆಂಟಿಗೆ ಇರುವುದು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಅದರ ಪ್ರಕಾರ ಸ್ಟಿಲ್ಟ್, ಕಂಬ, ಮೀಟರ್ ಕೋಣೆ, ಕೇಬಲ್ ಹಾದುಹೋಗುವ ದಾರಿ ಎಲ್ಲ ಸಾಮಾನ್ಯ ಪ್ರದೇಶ. ಪಾರ್ಕಿಂಗ್ ಸೇಲ್ ಡೀಡ್‌ನಲ್ಲಿ ಉಂಟು ಎಂದಿರಿ. ಅದರಿಂದ ನಿಮಗೆ ಬರುವುದು ಅಲ್ಲಿ ಗಾಡಿ ನಿಲ್ಲಿಸುವ ಹಕ್ಕು, ಪಕ್ಕದ ಕಂಬ ನಿಮ್ಮದಾಗುವುದಿಲ್ಲ. ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ, ಅದು ಸಾಮಾನ್ಯ ಪ್ರದೇಶದ ಭಾಗ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ನಹಾಲ್‌ಚಂದ್ ಲಾಲೂಚಂದ್ ಪ್ರಕರಣದಲ್ಲಿ ಹೇಳಿದೆ. ಅದು ಮಹಾರಾಷ್ಟ್ರದ ಕಾಯ್ದೆಯ ಮೇಲೆ ಬಂದ ತೀರ್ಪಾದರೂ ಅದರ ತರ್ಕವನ್ನು ಎಲ್ಲ ಕಡೆ ಎತ್ತುತ್ತಾರೆ.

ಆದ್ದರಿಂದ ಕಮಿಟಿಗೆ ಕೇಬಲ್ ಯಾವ ದಾರಿಯಲ್ಲಿ ಹೋಗಬೇಕು, ಯಾರು ಕೆಲಸ ಮಾಡಬೇಕು, ಸುರಕ್ಷೆಗೆ ಎಂತೆಲ್ಲ ಇರಬೇಕು ಎಂದು ಹೇಳುವ ಅಧಿಕಾರ ಖಂಡಿತ ಉಂಟು. ಕಾರಣ ಕೊಡದೆ ಬೇಡ ಅನ್ನುವ ಅಧಿಕಾರ ಉಂಟಾ? ನನ್ನ ಅಭಿಪ್ರಾಯದಲ್ಲಿ ಇಲ್ಲ. ಕಟ್ಟಡದ ಭದ್ರತೆಗೆ ಧಕ್ಕೆ ಆಗುವ ಕೆಲಸವನ್ನೂ ದೊಡ್ಡ ಹೊಸ ನಿರ್ಮಾಣವನ್ನೂ ಎಲ್ಲ ಮಾಲೀಕರ ಒಪ್ಪಿಗೆ ಇಲ್ಲದೆ ಮಾಡಬಾರದು ಎಂದು ಕಾಯ್ದೆ ಹೇಳುತ್ತದೆ. ಕೆಲವು ಕಮಿಟಿಗಳು ಇದನ್ನೇ ತೋರಿಸುತ್ತವೆ. ಪೈಪಿನೊಳಗೆ ಹೋಗುವ ಒಂದು ಕೇಬಲ್, ಗೋಡೆಗೆ ಒಂದು ಸಾಕೆಟ್, ಇದು ಆ ಲೆಕ್ಕಕ್ಕೆ ಬರುವುದಿಲ್ಲ. ಏಸಿಯ ಹೊರಗಿನ ಯೂನಿಟ್ ಸಾಮಾನ್ಯ ಗೋಡೆಗೆ ಬಿಗಿಯಲು ಇದೇ ಕಮಿಟಿಗಳು ಬಿಟ್ಟಿವೆಯಲ್ಲ.

ಇದನ್ನೂ ಹೇಳಿಬಿಡುತ್ತೇನೆ. ಅರ್ಜಿ ಕೊಟ್ಟ ಇಷ್ಟು ದಿನದೊಳಗೆ ಅಸೋಸಿಯೇಷನ್ ಒಪ್ಪಲೇಬೇಕು ಎನ್ನುವ ಕಲಂ 1972ರ ಕಾಯ್ದೆಯಲ್ಲಿ ಇಲ್ಲ. ಅದು ಬರಬೇಕು.

ಸುರತ್ಕಲ್

ಬಾಯಿಮಾತಿನ ‘ಬೇಡ’ಕ್ಕೆ ಬೆಲೆ ಇಲ್ಲ. ಬರೆದು ಕೊಡಿ, ಬರೆದು ಉತ್ತರ ಕೇಳಿ. ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಎತ್ತಬೇಡಿ, ಅಲ್ಲಿ ಎತ್ತಿದ್ದು ಯಾವುದೂ ಮುಗಿಯುವುದಿಲ್ಲ.

ಖಜಾಂಚಿ, ಕದ್ರಿ

ನಾನು ಬೇರೆ ಅಪಾರ್ಟ್‌ಮೆಂಟಿನ ಕಮಿಟಿಯಲ್ಲಿ ಖಜಾಂಚಿ. ಕಮಿಟಿಯ ಕಡೆಯಿಂದಲೂ ಒಬ್ಬರು ಮಾತಾಡಬೇಕಲ್ಲ.

ಇವಿಯ ಮೇಲೆ ನಮಗೆ ದ್ವೇಷ ಇಲ್ಲ. ಹೆದರಿಕೆ ಉಂಟು, ಅದು ಸುಳ್ಳು ಹೆದರಿಕೆ ಅಲ್ಲ. ಕಮಿಟಿಯಲ್ಲಿ ಇರುವವರೆಲ್ಲ ಸಂಬಳ ಇಲ್ಲದೆ ದುಡಿಯುವವರು, ಹೆಚ್ಚಿನವರು ನಿವೃತ್ತರು. ನಾಳೆ ಏನಾದರೂ ಆದರೆ ಎನ್‌ಒಸಿಗೆ ಸಹಿ ಹಾಕಿದವರು ಯಾರು ಎಂದೇ ಮೊದಲು ಕೇಳುತ್ತಾರೆ. ಇನ್ಶೂರೆನ್ಸ್‌ನವರು ವಯರಿಂಗ್ ಬದಲಾಗಿದ್ದನ್ನು ನಮಗೆ ಯಾಕೆ ತಿಳಿಸಲಿಲ್ಲ ಅನ್ನಬಹುದು.

ಮೂರನೇ ಕಾರಣವನ್ನು, ನಾಳೆ ಎಲ್ಲರೂ ಕೇಳುತ್ತಾರೆ ಎಂಬುದನ್ನು, ಹಗುರ ಮಾಡಬೇಡಿ. ನನಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅದೇ. ಬಿಲ್ಡಿಂಗಿನ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್), ಮೇನ್ ಕೇಬಲಿನಲ್ಲಿ ಸ್ವಲ್ಪ ಜಾಗ ಉಳಿದಿರುತ್ತದೆ. ಮೊದಲು ಕಾರು ತೆಗೆದುಕೊಂಡ ಹತ್ತು ಮನೆಯವರು ಅದನ್ನೆಲ್ಲ ಬಳಸಿಕೊಂಡರೆ ಹನ್ನೊಂದನೆಯವರಿಗೆ ಹೊಸ ಟಿಸಿಯ ಖರ್ಚು ಬೀಳುತ್ತದೆ. ಅದು ಲಕ್ಷಗಳ ಮಾತು. ಇವತ್ತು ಕಾರು ತೆಗೆದುಕೊಳ್ಳಲು ಶಕ್ತಿ ಇರುವವರು ಪುಕ್ಕಟೆ ಪಡೆದು, ಐದು ವರ್ಷ ಬಿಟ್ಟು ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ದುಡ್ಡು ಕೊಡಬೇಕಾ? ಹಾಗಾಗಿ ಬೇಡ ಅನ್ನುವುದು ತಪ್ಪು, ಆದರೆ ಒಬ್ಬೊಬ್ಬರಿಗೇ ಬಿಡಿಬಿಡಿಯಾಗಿ ಹೂಂ ಅನ್ನುವುದೂ ಸರಿಯಲ್ಲ. ಇಡೀ ಬಿಲ್ಡಿಂಗಿಗೆ ಒಂದು ಲೆಕ್ಕ ಮೊದಲು ಆಗಬೇಕು.

ವಯರಿಂಗ್ ಕೆಲಸ, ಉರ್ವಾ

ನಾನು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್. ಖಜಾಂಚಿ ಸರ್ ಹೇಳಿದ್ದು ನೂರಕ್ಕೆ ನೂರು ಸರಿ, ಲೆಕ್ಕ ಆಗಬೇಕು. ಆ ಲೆಕ್ಕ ಜನ ಅಂದುಕೊಂಡಷ್ಟು ಭಯಂಕರ ಇಲ್ಲ. ನಾನೇ ಮಾಡಿ ತೋರಿಸುತ್ತೇನೆ.

15 ಆಂಪಿಯರ್ ಪ್ಲಗ್‌ನಲ್ಲಿ ಕಾರು ಎಳೆಯುವುದು ಹೆಚ್ಚೆಂದರೆ 3.3 ಕಿಲೋವ್ಯಾಟ್. ಗೋಡೆಗೆ ಕೂರಿಸುವ 32 ಆಂಪಿಯರಿನ ಚಾರ್ಜರ್ ಆದರೆ 7.4 ಕಿಲೋವ್ಯಾಟ್ ವರೆಗೆ. ನಲವತ್ತು ಮನೆಯವರೂ 3.3ರಂತೆ ಒಂದೇ ಹೊತ್ತಿಗೆ ಪ್ಲಗ್ ಹಾಕಿದರೆ 132 ಕಿಲೋವ್ಯಾಟ್, 7.4ರಂತೆ ಹಾಕಿದರೆ 296. ಕಮಿಟಿಗಳು ಹೆದರುವುದು ಈ ಸಂಖ್ಯೆ ನೋಡಿ.

ಕಾರಿಗೆ ದಿನಕ್ಕೆ ಬೇಕಾಗುವುದು ಎಷ್ಟು? ಒಂದು ಯೂನಿಟ್‌ನಲ್ಲಿ ಏಳೆಂಟು ಕಿಲೋಮೀಟರ್ ಓಡುತ್ತದೆ. ನಮ್ಮ ಊರಿನಲ್ಲಿ ಒಂದು ಕಾರು ದಿನಕ್ಕೆ ನಲವತ್ತು ಕಿಲೋಮೀಟರ್ ಓಡುತ್ತದೆ ಎಂದು ಇಟ್ಟುಕೊಳ್ಳಿ, ಆರು ಯೂನಿಟ್ ಸಾಕು. ನಲವತ್ತು ಕಾರಿಗೆ 240 ಯೂನಿಟ್. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಎಂಟು ಗಂಟೆಗೆ ಹಂಚಿದರೆ ಬರುವುದು 30 ಕಿಲೋವ್ಯಾಟ್. ಆ ಹೊತ್ತಿಗೆ ಗೀಸರ್ ಇಲ್ಲ, ಮಿಕ್ಸಿ ಇಲ್ಲ, ಇಸ್ತ್ರಿ ಇಲ್ಲ, ಲಿಫ್ಟೂ ಹೆಚ್ಚು ಓಡುವುದಿಲ್ಲ. ಏಪ್ರಿಲ್, ಮೇಯಲ್ಲಿ ಎಲ್ಲ ಮನೆಯ ಏಸಿ ರಾತ್ರಿಯಿಡೀ ಓಡುತ್ತದೆ, ಅದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲೇಬೇಕು. ಹಾಗಾಗಿ ಕಷ್ಟ ಇರುವುದು ಎಲ್ಲರೂ ಒಟ್ಟಿಗೆ ಶುರು ಮಾಡುವುದರಲ್ಲಿ. ಕಾರಿನಲ್ಲೇ ಅಥವಾ ಅದರ ಆ್ಯಪ್‌ನಲ್ಲೇ ಟೈಮರ್ ಇದ್ದರೆ ಸಮ ಸಂಖ್ಯೆಯ ಮನೆಗಳು ಹತ್ತಕ್ಕೆ, ಬೆಸ ಸಂಖ್ಯೆಯವು ಎರಡಕ್ಕೆ ಎಂದು ಮಾಡಿಕೊಂಡರೂ ಅರ್ಧ ಹೊರೆ ಇಳಿಯುತ್ತದೆ. ಬಿಲ್ಡಿಂಗಿನ ಒಟ್ಟು ಲೋಡ್ ನೋಡಿಕೊಂಡು ತಾನಾಗಿಯೇ ಕಾರುಗಳಿಗೆ ಕರೆಂಟು ಹಂಚುವ ಚಾರ್ಜರ್‌ಗಳೂ ಬಂದಿವೆ, ಬೆಲೆ ಸ್ವಲ್ಪ ಹೆಚ್ಚು.

ಬಿಜೈಯವರೇ, ನಿಮ್ಮ ಮನೆಯ ಮಂಜೂರಾದ ಲೋಡ್ ಎಷ್ಟು ಎಂದು ಬಿಲ್ಲಿನಲ್ಲಿ ನೋಡಿ. ಹಳೆ ಫ್ಲ್ಯಾಟ್‌ಗಳಲ್ಲಿ ಮೂರು ಕಿಲೋವ್ಯಾಟ್ ಇರುವುದು ಸಾಮಾನ್ಯ. ಅಷ್ಟೇ ಇದ್ದರೆ ಕಾರೊಂದೇ ಅದನ್ನು ತುಂಬಿಸಿಬಿಡುತ್ತದೆ. ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ, ಇಲ್ಲ ಬೇರೆಯೇ ಸಂಪರ್ಕ ತೆಗೆದುಕೊಳ್ಳಿ.

ಇನ್ನು ಕೆಲಸ ಹೇಗಿರಬೇಕು ಎಂಬುದು. ಇದರಲ್ಲಿ ಒಂದು ರೂಪಾಯಿಯೂ ಉಳಿಸಲು ಹೋಗಬೇಡಿ. ಮೀಟರಿನಿಂದ ನೇರ ಪ್ರತ್ಯೇಕ ಲೈನ್, ಮಧ್ಯದಲ್ಲಿ ಬೇರೆ ಯಾವ ಪಾಯಿಂಟೂ ಬೇಡ. ಮೂವತ್ತು ಮೀಟರಿಗೆ 4 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಕಡಿಮೆಯಲ್ಲಿ ಬೇಕು. ಮುಂದೆ 32 ಆಂಪಿಯರಿಗೆ ಹೋಗುವ ಯೋಚನೆ ಇದ್ದರೆ ಈಗಲೇ 10 ಹಾಕಿಬಿಡಿ, ಪುನಃ ಪೈಪ್ ಬಿಚ್ಚುವ ಕೆಲಸ ತಪ್ಪುತ್ತದೆ. ಲೋಡ್ ಹೆಚ್ಚಾದರೆ ಲೈನ್ ಕಡಿಯುವ ಎಂಸಿಬಿ ಮಾತ್ರ ಸಾಲದು, ಕರೆಂಟು ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು, ಅದೂ ಎ ಟೈಪ್. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷಾ ನಿಯಮಗಳಲ್ಲಿ ಇವಿ ಚಾರ್ಜಿಂಗಿಗೆ ಎಂದೇ ಭಾಗ ಉಂಟು: ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರದಲ್ಲಿರಬೇಕು, ಗಾಡಿಯ ಚಾರ್ಜಿಂಗ್ ಜಾಗ ಪಾಯಿಂಟಿನಿಂದ ಐದು ಮೀಟರಿನ ಒಳಗೆ ಬರಬೇಕು, ಎಕ್ಸ್‌ಟೆನ್ಶನ್ ಕಾರ್ಡ್ ಹಾಕಲೇಬಾರದು.

ಕರಾವಳಿಯಲ್ಲಿ ಅರ್ಥಿಂಗ್ ಬೇರೆಯೇ ಕಥೆ. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಒದ್ದೆ ಇರುವಾಗ ಅರ್ಥ್ ಚೆನ್ನಾಗಿ ತೋರಿಸುತ್ತದೆ, ಮಾರ್ಚ್ ದಾಟಿದ ಮೇಲೆ ಅದೇ ಗುಂಡಿ ಕೆಲಸಕ್ಕೆ ಬರುವುದಿಲ್ಲ. ಕಡಲ ಹತ್ತಿರ ಇದ್ದರೆ ಉಪ್ಪುಗಾಳಿಗೆ ಜಿಐ ಪೈಪ್ ಬೇಗ ತುಕ್ಕು ಹಿಡಿಯುತ್ತದೆ. ಅರ್ಥ್ ಸರಿ ಇಲ್ಲದಿದ್ದರೆ ಕಾರಿನ ಚಾರ್ಜರ್ ಕೆಂಪು ಲೈಟ್ ತೋರಿಸಿ ಚಾರ್ಜ್ ಮಾಡಲು ಒಪ್ಪುವುದಿಲ್ಲ. ಕಾರೇ ಸರಿ ಇಲ್ಲ ಎಂದು ಜನ ಶೋರೂಮಿಗೆ ಓಡುತ್ತಾರೆ, ಅರ್ಥ್ ಅಳೆದು ನೋಡುವವರು ಕಡಿಮೆ. ಬೇಸಿಗೆಯ ಕೊನೆಯಲ್ಲಿ ಅಳೆಯಿರಿ, ಆಗ ಸರಿ ಇದ್ದರೆ ವರ್ಷಪೂರ್ತಿ ಸರಿ. ಮುಂಗಾರಿಗೆ ಮೊದಲು ಬರುವ ಗುಡುಗು, ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಒಂದು ಸಿಡಿಲಿಗೆ ಸಾವಿರಗಟ್ಟಲೆ ಬೆಲೆಯ ಚಾರ್ಜರ್ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ.

ಕೊಟ್ಟಾರ ಚೌಕಿ

ನಮ್ಮದು ಬೇಸ್‌ಮೆಂಟ್ ಪಾರ್ಕಿಂಗ್. ಜೋರು ಮಳೆ ಬಂದರೆ ಮೊಣಕಾಲಿನ ತನಕ ನೀರು ನಿಲ್ಲುವುದುಂಟು. ಅಲ್ಲಿ ಹಾಕಬಹುದಾ?

ವಯರಿಂಗ್ ಕೆಲಸ, ಉರ್ವಾ

ಬೇಡ. ನೀರು ನಿಲ್ಲುವ ಬೇಸ್‌ಮೆಂಟಿನಲ್ಲಿ ನಾನು ಹಾಕಿ ಕೊಡುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ. ಮೊದಲು ನೀರು ಬರುವ ದಾರಿ ಮುಚ್ಚಿ, ಪಂಪ್ ಸರಿ ಮಾಡಿ. ಅಷ್ಟರ ತನಕ ಮೇಲೆ ವಿಸಿಟರ್ ಪಾರ್ಕಿಂಗ್‌ನಲ್ಲಿ ಒಂದೆರಡು ಜಾಗವನ್ನು ಚಾರ್ಜಿಂಗಿಗೆ ಬಿಟ್ಟುಕೊಡಲು ಅಸೋಸಿಯೇಷನ್ ಹತ್ತಿರ ಕೇಳಿ. ಎಲ್ಲಿ ಹಾಕಿದರೂ ಇಡೀ ಚಾರ್ಜಿಂಗ್ ಲೈನನ್ನು ಒಮ್ಮೆಲೇ ಕಡಿಯುವ ಮೇನ್ ಸ್ವಿಚ್ ವಾಚ್‌ಮ್ಯಾನ್ ಕೈಗೆ ಸಿಗುವ ಎತ್ತರದಲ್ಲಿ, ನೀರು ಮುಟ್ಟದ ಕಡೆ ಇರಲಿ.

ಹಿರಿಯ ನಾಗರಿಕ, ಬೆಂದೂರ್‌ವೆಲ್

ಲೆಕ್ಕವೆಲ್ಲ ಓದಿದೆ, ತಿಳಿಯಿತು. ಬೆಂಕಿಯ ಮಾತು ಯಾರೂ ಸರಿಯಾಗಿ ಹೇಳಲಿಲ್ಲ. ನನಗೆ ಎಪ್ಪತ್ತೆಂಟು, ಹೆಂಡತಿಗೆ ಮೊಣಕಾಲು ನೋವು, ಐದನೇ ಮಹಡಿ. ಕೆಳಗೆ ಬೆಂಕಿ ಬಿದ್ದರೆ ಲಿಫ್ಟ್ ಇಲ್ಲ, ಮೆಟ್ಟಿಲಿನಲ್ಲಿ ಹೊಗೆ. ನಾವು ಹೇಗೆ ಇಳಿಯುವುದು? 2022ರಲ್ಲಿ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಸುದ್ದಿ ಎಷ್ಟು ಬಂತು. ಹಕ್ಕು ನಿಮಗೆ ಮಾತ್ರ ಇರುವುದಾ ಮಕ್ಕಳೇ?

ಟೀಚರ್, ಮಣಿಪಾಲ

ಅಂಕಲ್, ನಿಮ್ಮ ಪ್ರಶ್ನೆಯೇ ಇಲ್ಲಿ ಮುಖ್ಯ. ನಮ್ಮ ಬಿಲ್ಡಿಂಗಿನಲ್ಲೂ ಒಬ್ಬರು ಅಜ್ಜ ಹೀಗೇ ಕೇಳಿದರು. ಅವರಿಗೆ ಉತ್ತರ ಹುಡುಕಿದ್ದರಿಂದಲೇ ನಮ್ಮಲ್ಲಿ ಕೆಲಸ ಸರಿಯಾಗಿ ಆದದ್ದು.

2022ರ ಆ ಘಟನೆಗಳ ನಂತರ ಕೇಂದ್ರ ಸರಕಾರ ಬ್ಯಾಟರಿಯ ಪರೀಕ್ಷಾ ಮಾನದಂಡವನ್ನು, ಎಐಎಸ್-156 ಎನ್ನುತ್ತಾರೆ, ಬಿಗಿ ಮಾಡಿತು. ಅದು ಎರಡು ಹಂತಗಳಲ್ಲಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಲ್ಲಿ ಜಾರಿಗೆ ಬಂತು. ಹಾಗೆಂದು ಅಪಾಯ ಸೊನ್ನೆ ಆಗಲಿಲ್ಲ. ಈಗ ಅನೇಕ ಕಾರುಗಳಲ್ಲಿ ಇರುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಹಳೆಯ ಬಗೆಗಳಿಗಿಂತ ಶಾಖ ತಡೆಯುತ್ತದೆ, ಆದರೆ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸಲು ತುಂಬಾ ನೀರು ಬೇಕು, ಆರಿದ್ದು ಪುನಃ ಹೊತ್ತಿಕೊಳ್ಳುವುದೂ ಉಂಟು. ಇದನ್ನು ಮುಚ್ಚಿಡಬಾರದು.

ಆದ್ದರಿಂದ ನಾವು ಜಾಗ ನೋಡಿ ಒಪ್ಪಿಗೆ ಕೊಟ್ಟೆವು. ಮೆಟ್ಟಿಲಿನ ಬಾಯಿಗೆ, ಲಿಫ್ಟ್ ಎದುರಿಗೆ, ಗ್ಯಾಸ್ ಬ್ಯಾಂಕ್ ಪಕ್ಕಕ್ಕೆ, ಜನರೇಟರಿನ ಡೀಸೆಲ್ ಇಡುವ ಕಡೆಗೆ ಪಾಯಿಂಟ್ ಇಲ್ಲ. ಅಂಥ ಜಾಗದಲ್ಲಿ ಪಾರ್ಕಿಂಗ್ ಇದ್ದ ಇಬ್ಬರಿಗೆ ಬೇರೆಯವರು ಜಾಗ ಅದಲುಬದಲು ಮಾಡಿಕೊಟ್ಟರು. ಅದಕ್ಕೆ ಸ್ವಲ್ಪ ಮನವೊಲಿಸಬೇಕಾಯಿತು, ಗೋಡೆಯ ಪಕ್ಕದ ಜಾಗ ಯಾರಿಗೂ ಬಿಡಲು ಮನಸ್ಸು ಬರುವುದಿಲ್ಲವಲ್ಲ.

ಅಂಕಲ್, ಇನ್ನೊಂದು ವಿಷಯ ದಯವಿಟ್ಟು ಯೋಚನೆ ಮಾಡಿ. ನಾವು ಕೆಳಗೆ ಪಾಯಿಂಟ್ ಕೊಡದಿದ್ದಾಗ ಬಿಲ್ಡಿಂಗಿನಲ್ಲಿ ಆಗುತ್ತಿದ್ದದ್ದು ಎಂತ ಗೊತ್ತುಂಟಾ? ಒಬ್ಬ ಹುಡುಗ ಸ್ಕೂಟರಿನ ಬ್ಯಾಟರಿ ಬಿಚ್ಚಿ ಮೇಲೆ ತಂದು ಮುಂಬಾಗಿಲಿನ ಒಳಗೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ರಾತ್ರಿಯಿಡೀ ಚಾರ್ಜಿಗೆ ಇಡುತ್ತಿದ್ದ. ಇನ್ನೊಬ್ಬರು ಒಂದನೇ ಮಹಡಿಯ ಬಾಲ್ಕನಿಯಿಂದ ವಯರ್ ಇಳಿಬಿಟ್ಟು ಮಳೆಯಲ್ಲೇ ಚಾರ್ಜ್ ಮಾಡುತ್ತಿದ್ದರು. ಆ ಹುಡುಗನ ಮನೆಯಿಂದ ಹೊರಗೆ ಬರಲು ಇರುವುದೇ ಒಂದು ಬಾಗಿಲು, ಆ ಬಾಗಿಲಿನಲ್ಲಿ ಬ್ಯಾಟರಿ. ಅಸೋಸಿಯೇಷನ್ ಬೇಡ ಅಂದದ್ದರಿಂದ ಗಾಡಿಗಳು ಬರುವುದು ನಿಲ್ಲಲಿಲ್ಲ. ಚಾರ್ಜಿಂಗ್ ನಮ್ಮ ಕಣ್ಣಿಗೆ ಕಾಣದ ಕಡೆ ಹೋಯಿತು. ಕೆಳಗೆ, ಗಾಳಿ ಆಡುವ ಸ್ಟಿಲ್ಟ್‌ನಲ್ಲಿ, ಆರ್‌ಸಿಸಿಬಿ ಹಾಕಿದ ಪಾಯಿಂಟೇ ನಿಮ್ಮಂಥ ಹಿರಿಯರಿಗೂ ಕಡಿಮೆ ಅಪಾಯದ್ದು.

ಹಿರಿಯ ನಾಗರಿಕ, ಬೆಂದೂರ್‌ವೆಲ್

ಬಾಗಿಲಿನಲ್ಲಿ ಬ್ಯಾಟರಿ ಇಡುವುದು ನನಗೆ ಗೊತ್ತಿರಲಿಲ್ಲ. ನಮ್ಮಲ್ಲೂ ಯಾರಾದರೂ ಹಾಗೆ ಮಾಡುತ್ತಾರಾ ಎಂದು ನಾಳೆಯೇ ವಿಚಾರಿಸುತ್ತೇನೆ. ಮೆಟ್ಟಿಲಿನ ಹತ್ತಿರ ಮಾತ್ರ ಬೇಡ, ಅಷ್ಟು ನೋಡಿಕೊಳ್ಳಿ.

ಊರು ಕುಂದಾಪುರ, ಈಗ ಸ್ಯಾನ್ ಹೋಸೆ

ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆಂದೇ ಸಿವಿಲ್ ಕೋಡ್‌ನಲ್ಲಿ 4745ನೇ ಕಲಂ ಉಂಟು. ನಿವಾಸಿ ತನ್ನ ಪಾರ್ಕಿಂಗ್‌ನಲ್ಲಿ ಚಾರ್ಜರ್ ಹಾಕುವುದನ್ನು ಸಂಘ ನಿಷೇಧಿಸುವಂತಿಲ್ಲ, ವಿನಾಕಾರಣ ಅಡ್ಡಿ ಮಾಡುವ ನಿಯಮವೂ ನಿಲ್ಲುವುದಿಲ್ಲ. ಅರ್ಜಿ ಕೊಟ್ಟ 60 ದಿನದೊಳಗೆ ಲಿಖಿತವಾಗಿ ನಿರಾಕರಿಸದಿದ್ದರೆ ಒಪ್ಪಿದಂತೆಯೇ ಲೆಕ್ಕ. ಸಂಘ ಹೆಚ್ಚಿನ ಮಾಹಿತಿ ಕೇಳಿದ್ದರೆ ಮಾತ್ರ ಅದು ಬೇರೆ. ಆದರೆ ಅಲ್ಲಿ ನಿವಾಸಿಯ ಹೆಗಲಿಗೂ ಹೊರೆ ಉಂಟು: ಹಾಕಿಸುವ ಖರ್ಚು, ಕರೆಂಟ್ ಬಿಲ್, ಸಾಮಾನ್ಯ ಜಾಗಕ್ಕೆ ಹಾನಿಯಾದರೆ ರಿಪೇರಿ ಎಲ್ಲ ಅವನದೇ. ಜರ್ಮನಿಯಲ್ಲೂ 2020ರ ಡಿಸೆಂಬರ್‌ನಿಂದ ಪ್ರತಿ ಫ್ಲ್ಯಾಟ್ ಮಾಲೀಕನಿಗೆ ಚಾರ್ಜಿಂಗ್ ವ್ಯವಸ್ಥೆ ಕೇಳುವ ಹಕ್ಕು ಕೊಟ್ಟಿದ್ದಾರೆ. ಹೇಗೆ ಮಾಡಬೇಕು ಎಂಬುದನ್ನು ಉಳಿದ ಮಾಲೀಕರು ಸೇರಿ ತೀರ್ಮಾನಿಸುತ್ತಾರೆ. ಊರಿನಲ್ಲೂ ಇಂಥದ್ದೇ ಬೇಕು. 2017ರಲ್ಲೇ ದೇಶದಲ್ಲಿ ಮೊದಲು ಇವಿ ನೀತಿ ತಂದ ರಾಜ್ಯ ನಮ್ಮದು. ಫ್ಲ್ಯಾಟಿನಲ್ಲಿ ಇರುವವರನ್ನು ಇಷ್ಟು ವರ್ಷ ಮರೆಯಬಾರದಿತ್ತು.

ಬಾಡಿಗೆ ಮನೆ, ಯೆಯ್ಯಾಡಿ

ನಾನು ಬಾಡಿಗೆಗೆ ಇರುವವಳು. ಮನೆ ಓನರ್ ದುಬೈಯಲ್ಲಿ. ಅವರಿಗೆ ತೊಂದರೆ ಇಲ್ಲ, ಕಮಿಟಿಯವರು ಮಾತ್ರ ಬಾಡಿಗೆಯವರಿಗೆ ಇದೆಲ್ಲ ಇಲ್ಲ ಅಂತಾರೆ. ನನ್ನದು ಸ್ಕೂಟರ್ ಅಷ್ಟೇ, ಒಂದು ಸಲ ಫುಲ್ ಮಾಡಿದರೆ ಮೂರು ಯೂನಿಟ್ ಆಸುಪಾಸು.

ವಕೀಲಿ ವೃತ್ತಿ, ಬಲ್ಮಠ

ಮೇಡಂ, 2003ರ ವಿದ್ಯುತ್ ಕಾಯ್ದೆಯ 43ನೇ ಕಲಂ ‘ಮಾಲೀಕ ಅಥವಾ ವಾಸವಿರುವವರು’ ಕೇಳಿದರೆ ವಿದ್ಯುತ್ ಕೊಡಬೇಕು ಎನ್ನುತ್ತದೆ. 2022ರಲ್ಲಿ ಸುಪ್ರೀಂ ಕೋರ್ಟ್, ಮಾಲೀಕ ಎನ್‌ಒಸಿ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಬಾಡಿಗೆದಾರನಿಗೆ ವಿದ್ಯುತ್ ನಿರಾಕರಿಸುವಂತಿಲ್ಲ, ಅರ್ಜಿದಾರ ಅಲ್ಲಿ ವಾಸವಿದ್ದಾನಾ ಎಂದಷ್ಟೇ ನೋಡಬೇಕು ಎಂದಿತು. ಅದು ಇವಿಯ ಪ್ರಕರಣ ಅಲ್ಲ, ಆದರೆ ಬಾಡಿಗೆಯವರಿಗೆ ಇಲ್ಲ ಅನ್ನುವವರಿಗೆ ತೋರಿಸಬಹುದು. ನಿಮ್ಮ ವಿಷಯದಲ್ಲಿ ಓನರ್ ಒಪ್ಪಿರುವುದರಿಂದ ಅರ್ಜಿಯನ್ನು ಅವರ ಹೆಸರಿನಲ್ಲೇ ಕೊಡಿಸಿ. ಇಮೇಲ್ ಸಾಕು. ಪಾರ್ಕಿಂಗ್ ಬಳಸುವ ಹಕ್ಕು ಬಾಡಿಗೆ ಕರಾರಿನಲ್ಲಿ ಬರೆದಿರಲಿ.

ಬಿಜೈ ನಿವಾಸಿ

ಇಷ್ಟು ವಿವರ ಸಿಗುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ವಂದನೆ. ಬಿಲ್ ನೋಡಿದೆ, ಮಂಜೂರಾದ ಲೋಡ್ ಮೂರೇ ಕಿಲೋವ್ಯಾಟ್. ಇನ್ನೊಂದು ಸಂಶಯ: ನಮಗೆ ಗೃಹಜ್ಯೋತಿ ಬರುತ್ತಿದೆ. ಮನೆಯ ಮೀಟರಿಗೇ ಕಾರು ಸೇರಿಸಿದರೆ ಅದು ಹೋಗುತ್ತದಾ?

ಖಜಾಂಚಿ, ಕದ್ರಿ

ಹೋಗುತ್ತದೆ ಎಂದೇ ಇಟ್ಟುಕೊಳ್ಳಿ. ನೀವು ದಿನಕ್ಕೆ ಅರುವತ್ತು ಕಿಲೋಮೀಟರ್ ಎಂದಿರಿ, ಎಂಟೊಂಬತ್ತು ಯೂನಿಟ್. ತಿಂಗಳಿಗೆ ಇಪ್ಪತ್ತೈದು ದಿನ ಹಿಡಿದರೂ ಕಾರಿಗೇ ಇನ್ನೂರು ಯೂನಿಟ್ ದಾಟುತ್ತದೆ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಕಟ್ಟಬೇಕು. ಕಾರಿನ ಯೂನಿಟ್‌ಗೆ ಮಾತ್ರ ಅಲ್ಲ, ಫ್ಯಾನು, ಫ್ರಿಜ್ಜಿನದ್ದಕ್ಕೂ.

ಹಾಗಾಗಿ ನಿಮಗೆ ಪ್ರತ್ಯೇಕ ಸಂಪರ್ಕವೇ ಒಳ್ಳೆಯದು. ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ದರಪಟ್ಟಿಯಲ್ಲಿ ಇವಿ ಚಾರ್ಜಿಂಗಿಗೆ ಎಲ್‌ಟಿ-6(ಸಿ) ಎಂಬ ಬೇರೆ ವರ್ಗ ಉಂಟು. ಆ ಮೀಟರಿಗೆ ಗೃಹಜ್ಯೋತಿ ಇಲ್ಲ, ಆದರೆ ಮನೆಯ ಮೀಟರಿನದ್ದು ಉಳಿಯುತ್ತದೆ. ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕವನ್ನೂ ಸೇರಿಸಿ ಈ ವರ್ಷದ ದರಪಟ್ಟಿಯಲ್ಲಿ ಕೂಡಿಸಿ ನೋಡಿ. ಸ್ಕೂಟರ್ ಮಾತ್ರ ಇರುವವರಿಗೆ ಇದು ಬೇಡ. ತಿಂಗಳಿಗೆ ನಲವತ್ತು ಯೂನಿಟ್‌ಗಾಗಿ ಇನ್ನೊಂದು ಮೀಟರ್ ದುಬಾರಿ.

ಕಮಿಟಿಗೂ ಇದರಿಂದ ಉಪಕಾರ. ಬೇರೆ ಆರ್‌ಆರ್ ನಂಬರ್, ಬೇರೆ ಬಿಲ್, ಕಾಮನ್ ಮೀಟರಿನಿಂದ ಕದಿಯುತ್ತಾರೆ ಎಂಬ ಮಾತೇ ಬರುವುದಿಲ್ಲ.

ವಕೀಲಿ ವೃತ್ತಿ, ಬಲ್ಮಠ

ಹಾಗಾದರೆ ಅರ್ಜಿ ಹೀಗೆ ಬರೆಯಿರಿ. ಅಧ್ಯಕ್ಷರಿಗೂ ಕಾರ್ಯದರ್ಶಿಗೂ, ಕೈಯಲ್ಲಿ ಕೊಟ್ಟು ಪ್ರತಿಗೆ ಸಹಿ ತೆಗೆದುಕೊಳ್ಳಿ. ಅನುಮತಿ ಕೊಡಬೇಕು ಎಂಬ ಒಂದು ಸಾಲು ಮಾತ್ರ ಬರೆದರೆ ಅದು ಕಡತದಲ್ಲಿ ಮಲಗುತ್ತದೆ. 2024ರ ತಿದ್ದುಪಡಿಯ ಪ್ರತಿ ಲಗತ್ತಿಸಿ, ಮೆಸ್ಕಾಂನಿಂದ ಪ್ರತ್ಯೇಕ ಸಂಪರ್ಕ ಪಡೆಯುತ್ತಿದ್ದೇನೆ ಎಂದು ತಿಳಿಸಿ. ಕೇಬಲ್ ಹೋಗುವ ದಾರಿಯ ನಕ್ಷೆ, ಲೈಸೆನ್ಸ್ ಇರುವ ಕಂಟ್ರಾಕ್ಟರಿನ ಅಂದಾಜುಪಟ್ಟಿ, ಆರ್‌ಸಿಸಿಬಿ ಮತ್ತು ಅರ್ಥಿಂಗ್ ವಿವರ ಜೊತೆಗಿರಲಿ. ಕೆಲಸ ಮುಗಿದ ಮೇಲೆ ಪರೀಕ್ಷಾ ವರದಿ ಕೊಡುತ್ತೇನೆ, ಹಾನಿಯಾದರೆ ನನ್ನ ಹೊಣೆ ಎಂದು ಬರೆದುಕೊಡಿ. ಒಪ್ಪದಿದ್ದರೆ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕು ಎಂದು ಕೇಳಿ, ಒಂದು ದಿನಾಂಕ ಹಾಕಿ.

ಮೆಸ್ಕಾಂ ಕಡೆಯಿಂದ ತಡವಾದರೆ ಮೊದಲು 1912ಕ್ಕೆ ದೂರು ಕೊಟ್ಟು ನಂಬರ್ ಬರೆದಿಟ್ಟುಕೊಳ್ಳಿ, ನಂತರ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ಕಮಿಟಿಯ ಮೇಲೆ ಸಿವಿಲ್ ಕೋರ್ಟಿಗೆ ಹೋಗುವ ದಾರಿಯೂ ಉಂಟು, ಆದರೆ ಒಂದು ಸಾಕೆಟ್‌ಗೆ ವರ್ಷಗಟ್ಟಲೆ ಅಲೆಯುವಂತಾಗುತ್ತದೆ. ನಾನು ಆ ಸಲಹೆ ಕೊಡುವುದಿಲ್ಲ. ವಿಷಯವನ್ನು ಮಹಾಸಭೆಯ ಕಾರ್ಯಸೂಚಿಗೆ ಹಾಕಿಸಿ.

ಟೀಚರ್, ಮಣಿಪಾಲ

ಮಹಾಸಭೆಗೆ ಮೊದಲು ಇವಿ ಇರುವವರ, ಎರಡು ವರ್ಷದಲ್ಲಿ ತೆಗೆದುಕೊಳ್ಳುವ ಯೋಚನೆ ಇರುವವರ ಪಟ್ಟಿ ಮಾಡಿ. ಮನೆಮನೆಗೆ ಹೋಗಿ ಕೇಳಿ. ನಮ್ಮಲ್ಲಿ ಒಬ್ಬಳೇ ಕೇಳುವಾಗ ಅದು ಮೇಡಂ ಅವರ ಕಾರಿನ ವಿಷಯ ಆಗಿತ್ತು. ಪಟ್ಟಿ ಬಂದ ಮೇಲೆ ಬಿಲ್ಡಿಂಗಿನ ವಿಷಯ ಆಯಿತು. ಹೊಸದಾಗಿ ಕಟ್ಟುವಲ್ಲಿ ಶೇ. 20ರಷ್ಟು ಪಾರ್ಕಿಂಗ್ ಇವಿಗೆ ಸಜ್ಜಾಗಿರಬೇಕು ಎಂದು ಕೇಂದ್ರದ ಮಾದರಿ ಕಟ್ಟಡ ಉಪವಿಧಿಗೆ 2019ರಲ್ಲೇ ತಿದ್ದುಪಡಿ ತಂದಿದ್ದಾರೆ. ಅದನ್ನು ಸಭೆಯಲ್ಲಿ ಹೇಳಿ, ಮುಂದೆ ಫ್ಲ್ಯಾಟ್ ಮಾರುವವರಿಗೂ ಇದು ಬೇಕಾಗುತ್ತದೆ.

ಖಜಾಂಚಿ, ಕದ್ರಿ

ಅರ್ಜಿಯಲ್ಲಿ ಇನ್ನೆರಡು ಮಾತು ಸೇರಿಸಿದರೆ ನಾನು ಆ ಕಮಿಟಿಯಲ್ಲಿ ಇದ್ದಿದ್ದರೆ ಆವತ್ತೇ ಸಹಿ ಹಾಕುತ್ತಿದ್ದೆ. ಒಂದು, ಮುಂದೆ ಇಡೀ ಬಿಲ್ಡಿಂಗಿಗೆ ಚಾರ್ಜಿಂಗ್ ಪ್ಯಾನೆಲ್ ಬಂದಾಗ ನಿಮ್ಮ ಲೈನನ್ನು ಅದಕ್ಕೆ ಬದಲಾಯಿಸಿಕೊಳ್ಳುತ್ತೀರಿ, ಟಿಸಿ ದೊಡ್ಡದು ಮಾಡುವ ಖರ್ಚು ಬಂದರೆ ಮೊದಲು ಪಾಯಿಂಟ್ ಹಾಕಿಸಿಕೊಂಡವರು ಎಂದು ಹಿಂದೆ ಸರಿಯದೆ ನಿಮ್ಮ ಪಾಲನ್ನೂ ಕೊಡುತ್ತೀರಿ. ಇನ್ನೊಂದು, ಕರೆಂಟು ಹೋದಾಗ ಜನರೇಟರಿನ ಲೈನಿಗೆ ಕಾರು ಸೇರುವುದಿಲ್ಲ.

ಬಿಜೈ ನಿವಾಸಿ

ಎರಡಕ್ಕೂ ಒಪ್ಪಿಗೆ. ಪಾಲಿನ ಮಾತು ನ್ಯಾಯವಾದದ್ದೇ. ಫ್ಲ್ಯಾಟ್ ಮಾರಿದರೆ ಈ ಕೇಬಲ್, ಮೀಟರ್ ಯಾರದ್ದಾಗುತ್ತದೆ ಎಂದು ಬರೆಯಬೇಕಾ?

ವಕೀಲಿ ವೃತ್ತಿ, ಬಲ್ಮಠ

ಬರೆಯಿರಿ. ಪಾಯಿಂಟ್ ಫ್ಲ್ಯಾಟಿನ ಜೊತೆ ಹೋಗುತ್ತದೆ, ಕೊಂಡವರು ಇದೇ ಷರತ್ತುಗಳಿಗೆ ಒಪ್ಪಬೇಕು, ಅವರಿಗೆ ಬೇಡವಾದರೆ ನೀವು ಬಿಚ್ಚಿಸಿ ಗೋಡೆ ಮೊದಲಿನಂತೆ ಮಾಡಿಕೊಡುತ್ತೀರಿ ಎಂದು.

ವಯರಿಂಗ್ ಕೆಲಸ, ಉರ್ವಾ

ಕೆಲಸ ಮಳೆಗೆ ಮೊದಲು ಮುಗಿಸಿಕೊಳ್ಳಿ. ಜೂನ್ ಹಿಡಿದರೆ ಅರ್ಥ್ ಗುಂಡಿ ತೆಗೆಯಲು ಆಗುವುದಿಲ್ಲ, ತೆಗೆದರೂ ಆಗ ಅಳೆದದ್ದನ್ನು ನಂಬುವ ಹಾಗಿಲ್ಲ. ನಕ್ಷೆ ಮಾಡುವಾಗ ಮೀಟರ್ ಕೋಣೆಯಲ್ಲಿ ಇನ್ನೊಂದು ಮೀಟರಿಗೆ ಬೋರ್ಡಿನಲ್ಲಿ ಜಾಗ ಉಂಟಾ ಎಂದು ಮೊದಲು ನೋಡಿ, ಹೆಚ್ಚಿನ ಹಳೆ ಬಿಲ್ಡಿಂಗ್‌ಗಳಲ್ಲಿ ಕೆಲಸ ನಿಲ್ಲುವುದು ಅಲ್ಲೇ.